ಕಳ್ಳನ ಪಾರ್ಟು

ಹುಣಸೂರಿನ ಕಲ್ಯಾಣಮಂಟಪದಲ್ಲಿ ಹೆಂಗಸರ ಆತ್ಮರಕ್ಷಣಾ ಸಮಾವೇಶ ನಡೆಯುತ್ತದೆಂದು ಕೇಳಿದಾಗ, ತರಬೇತಿಗೆ ಕರೆಯುವುದು ತನ್ನನ್ನೇ ಎಂದು ಕರಾಟೆ ಮೇಷ್ಟ್ರು ಲಿಂಗರಾಜು ಮೀಸೆ ತಿರುವಿಕೊಂಡಿದ್ದ. ಕರೆದದ್ದು ಅವನ ಹಳೆಯ ಶಿಷ್ಯೆ, ಪಿರಿಯಾಪಟ್ಟಣದ ಶಾಂತಲಾಳನ್ನು. ಅವಳು ಅವನ ಕೈಗೆ ದಪ್ಪನೆಯ ಸ್ಪಂಜಿನ ಅಂಗಿಯೊಂದನ್ನು ಕೊಟ್ಟಳು.

"ಅಣ್ಣ, ಕಳ್ಳನ ಪಾರ್ಟು ನೀವೇ ಮಾಡ್ರಿ. ಹೊಡ್ತ ತಡ್ಕೊಳೋರು ಬೇಕಲ್ಲ."

"ಆಯ್ತು ಬುಡಮ್ಮ," ಎಂದು ನಕ್ಕ. ಆ ಗಳಿಗೆಯಲ್ಲೇ ಇವಳ ಮರ್ಯಾದೆ ಕಳೆಯಬೇಕೆಂದು ತೀರ್ಮಾನಿಸಿದ.

ದಾರಿ ಸುಲಭವಾಗಿತ್ತು. ತರಬೇತಿ ಮುಗಿಸಿ ಹೊರಟವಳೊಬ್ಬಳ ಸರ ಅದೇ ಸಂಜೆ ಹೋದರೆ ಶಾಂತಲಾಳ ವಿದ್ಯೆ ಊರೂರಲ್ಲೂ ನಗೆಪಾಟಲು. ಅವನು ದಿನವಿಡೀ ಒಬ್ಬೊಬ್ಬರ ಕೊರಳಿಗೂ ಕೈ ಹಾಕುತ್ತ ಆರಿಸಿದ. ಒಬ್ಬಳು ಅವನ ಹೊಟ್ಟೆಗೆ ಗುದ್ದಿ ತನ್ನ ಕೈಯನ್ನೇ ಊದಿಕೊಂಡಳು. ಇನ್ನೊಬ್ಬಳು ಒದೆಯುವ ಮುಂಚೆ ಸೀರೆ ಸರಿಮಾಡಿಕೊಂಡಳು. ಇವರು ಕಳ್ಳರನ್ನು ಹಿಡಿಯುತ್ತಾರಂತೆ! ಎಲ್ಲರಿಗಿಂತ ಕಡೆ ಎಂದರೆ ಗುರುಶಾಂತಮ್ಮ. ಎರಡೆಳೆ ಚಿನ್ನದ ಸರದ ಆ ಮುದುಕಿಗೆ ಕೈ ಎತ್ತುವುದಕ್ಕಿಂತ ಮಾತೇ ಹೆಚ್ಚು.

"ಯಾವೂರವ್ವ ನಿಮ್ದು?"

"ಅನಗೋಡು ಕಣಪ್ಪ. ಬಸ್ಸಿಳ್ದು ನಾಲೆ ಏರಿ ಮೇಲೆ ನಡ್ಕೊಂಡೋಯ್ತೀನಿ. ಒಬ್ಳೇ."

ಇನ್ನೇನು ಬೇಕು? ಗೇರಿಲ್ಲದ ಸ್ಕೂಟರು, ಎಡಗೈ ಖಾಲಿ. ನಂಬರಿನ ಮೇಲೆ ಕೆಸರು ಮೆತ್ತಿದ. ತಲೆಗೆ ಮುಖ ಮುಚ್ಚುವ ಹೆಲ್ಮೆಟ್. ಬಾಯಿ ಬಿಡುವುದಿಲ್ಲ, ದನಿ ಗುರುತಾದೀತು. ಶಾಂತಲಾ ಕಲಿಸಿದ ಒಂದೊಂದು ಪಟ್ಟಿಗೂ ಎದುರುಪಟ್ಟು ಅವನಲ್ಲಿತ್ತು. ಅವಳಿಗೆ ಮೊದಲ ಗುದ್ದು ಕಲಿಸಿದವನೇ ಅವನಲ್ಲವೆ?

ಬಿಸಿಲು ಇಳಿಯುವ ಹೊತ್ತಿಗೆ ಏರಿಯ ಮೇಲೆ ಮುದುಕಿ ಒಬ್ಬಳೇ ಹೋಗುತ್ತಿದ್ದಳು. ಸ್ಕೂಟರು ಹಿಂದಿನಿಂದ ಮೆಲ್ಲಗೆ ಬಂತು. ಎಡಗೈ ಸರಕ್ಕೆ ಬಿತ್ತು. ಲೆಕ್ಕ ಹಾಕಿದ ಹಾಗೆಯೇ ಅವಳು ಗುದ್ದಲಿಲ್ಲ, ಒದೆಯಲಿಲ್ಲ. ಕಲಿತದ್ದೆಲ್ಲ ಮರೆತಿದ್ದಳು.

"ಅಯ್ಯೋ, ಬುಡ್ಲಾ!" ಎಂದಳಷ್ಟೆ.

ಅಭ್ಯಾಸದಲ್ಲಿ ಯಾರಿಗೂ ಪೆಟ್ಟಾಗದಿರಲೆಂದು ಶಾಂತಲಾ ಒಂದು ಕಟ್ಟಳೆ ಮಾಡಿದ್ದಳು: ಹೆಂಗಸು 'ಬುಡು' ಎಂದ ಕೂಡಲೇ ಕಳ್ಳ ಹಿಡಿತ ಸಡಿಲಿಸಿ ಎರಡೂ ಕೈ ತಲೆಯ ಮೇಲಿಡಬೇಕು. ಬೆಳಗಿನಿಂದ ಲಿಂಗರಾಜು ಅದನ್ನು ಎಷ್ಟು ಸಲ ಮಾಡಿದ್ದನೋ ಅವನಿಗೇ ಗೊತ್ತಿಲ್ಲ. ಈಗ ಅವನು ಯೋಚಿಸುವ ಮೊದಲೇ ಕೈಗಳು ಯೋಚಿಸಿದವು. ಸರ ಬಿಟ್ಟವು, ಹ್ಯಾಂಡಲ್ ಬಿಟ್ಟವು, ಹೆಲ್ಮೆಟ್ಟಿನ ಮೇಲೆ ಹೋಗಿ ಕುಳಿತವು. ಸ್ಕೂಟರು ತನ್ನಷ್ಟಕ್ಕೆ ನಾಲೆಗೆ ಇಳಿಯಿತು. ಗದ್ದೆಯಿಂದ ಓಡಿ ಬಂದವರು ಕೆಸರಿನಿಂದ ಅವನನ್ನು ಎಳೆದು ಹೆಲ್ಮೆಟ್ ಕಿತ್ತಾಗ, ಗುರುಶಾಂತಮ್ಮ ಬಗ್ಗಿ ನೋಡಿ ಬೆರಗಾಗಿ ಕೇಳಿದಳು: "ಇದೇನಪ್ಪ, ಕಿಲಾಸು ಇನ್ನೂ ಮುಗ್ದಿಲ್ವಾ?"