ಕತ್ತರಿಸಿದ ಎರಡು ನಿಮಿಷ

ಅಡುಗೆಮನೆಯ ತುಂಬ ಜೋಳ ಚೆಲ್ಲಿತ್ತು. ಮೂರು ಚೀಲಗಳನ್ನು ಕೊಯ್ದು ಬರಿದು ಮಾಡಿದ್ದರು. ಮೂಲೆಯ ಬೀಸುಕಲ್ಲನ್ನು ಮೊಳ ದೂರ ಎತ್ತಿಟ್ಟಿದ್ದರು. ಅದು ಇದ್ದ ಕಡೆ ಒಂದು ಗುಂಡಿ. ಗುಂಡಿಯಲ್ಲಿ ನಾಲ್ಕು ಕಾಳು ಬಿಟ್ಟರೆ ಏನೂ ಇಲ್ಲ.

ದುಂಡಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಹಿಂದಿನ ದಿನ ಮಹಾಗಾಂವಕ್ಕೆ ತಂಗಿಯ ಮೊಮ್ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆ ಹೋಗಿದ್ದಳು. ಸಂಜೆ ಕಮಲಾಪುರಕ್ಕೆ ಮರಳಿದಾಗ ಹಿತ್ತಲ ಬಾಗಿಲ ಕೊಂಡಿ ಮುರಿದಿತ್ತು. ಕಲ್ಲಿನ ಕೆಳಗೆ ಹೂತಿಟ್ಟಿದ್ದ ಬೆಳ್ಳಿಯ ಸೊಂಟದ ಡಾಬು ಇರಲಿಲ್ಲ.

ಬೆಳಿಗ್ಗೆ ಸುದ್ದಿ ಕೇಳಿದ್ದೇ ಪ್ರಿಯದರ್ಶಿನಿ ಕಲಬುರಗಿ ಅಂಚಿನ ಕೋಟನೂರಿನಿಂದ ಓಡಿ ಬಂದಿದ್ದಳು. ಅವಳು ಕಲಬುರಗಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಹುಟ್ಟೂರು ಕಮಲಾಪುರ. ತಿಂಗಳಿಗೊಮ್ಮೆ ಊರಿನ ಸುದ್ದಿಯನ್ನು ಬ್ಲಾಗಿನಲ್ಲಿ ಬರೆಯುತ್ತಿದ್ದಳು. ಯಾರ ಮನೆಯಲ್ಲಿ ಮದುವೆ, ಯಾರು ತೀರಿಕೊಂಡರು, ಕೆಂಬಾಳೆ ತೋಟ ಹೇಗಿದೆ, ಕೊನೆಗೊಂದು ಹಿರಿಯರ ಕಥೆ. ಪುಣೆ, ಹೈದರಾಬಾದಿನಲ್ಲಿದ್ದ ಊರವರೂ ಕಾದು ಓದುತ್ತಿದ್ದರು.

ಈ ತಿಂಗಳ ಕಥೆ ದುಂಡಮ್ಮನ ಡಾಬಿನದು. ನವಿಲಿನ ಕೊಂಡಿಯ ಹಳೆ ಬೆಳ್ಳಿ. ನಿಜವಾದ ಜಾಗ ಬರೆಯಬಾರದೆಂದು ‘ಜೋಳದ ಚೀಲದೊಳಗೆ ಅಡಗಿಸಿಟ್ಟಿದ್ದಾಳೆ’ ಎಂದು ಬರೆದಿದ್ದಳು. ಸುಳ್ಳು ಜಾಗ ಬರೆದರೆ ಯಾರಿಗೇನು ನಷ್ಟ ಅಂದುಕೊಂಡಿದ್ದಳು. ಅದೇ ಸಂಚಿಕೆಯಲ್ಲಿ ಜವಳದ ತಾರೀಖೂ ಇತ್ತು. ದುಂಡಮ್ಮ ಅಂದು ಇಡೀ ದಿನ ಮಹಾಗಾಂವದಲ್ಲಿರುತ್ತಾಳೆ ಎಂದೂ ಇತ್ತು.

ಮನೆ ಖಾಲಿ ಇರುವ ದಿನವನ್ನು ಊರಿಗೆಲ್ಲ ತಾನೇ ಸಾರಿದ್ದಳು. ಪ್ರಿಯದರ್ಶಿನಿಗೆ ದುಂಡಮ್ಮನ ಮುಖ ನೋಡಲಾಗಲಿಲ್ಲ.

* * *

ಠಾಣೆಯಲ್ಲಿ ಪಿಎಸ್‌ಐ ಲಾಲ್ ಅಹ್ಮದ್ ಅದೇ ಸಂಚಿಕೆಯನ್ನು ಮೊಬೈಲಿನಲ್ಲಿ ಓದುತ್ತಿದ್ದರು.

“ನಿಮ್ಮ ಬ್ಲಾಗ್ ಓದಿದವನೇ ಬಂದಾನ್ರೀ ಮೇಡಂ. ಮೊದಲ ಜೋಳ ಹುಡುಕ್ಯಾನ, ಸಿಕ್ಕಿಲ್ಲ. ಆಮ್ಯಾಲ ಕಲ್ಲ ಎತ್ತ್ಯಾನ.”

“ಯಾರರ ಸಿಕ್ಕಾರೇನ್ರಿ?”

ಅವರು ಬೆಂಚಿನ ಕಡೆ ನೋಡಿದರು. ಅಲ್ಲಿ ದುಂಡಮ್ಮನ ಮೈದುನನ ಮಗ ಚಂದ್ರಶಾ ತಲೆ ತಗ್ಗಿಸಿ ಕೂತಿದ್ದ.

“ಹೋಟೆಲಿನಾಗ ಕುಂತು ನಿಮ್ಮ ಕಥಿ ಜೋರಾಗಿ ಓದ್ಯಾನ. ಇಂಥಾ ಡಾಬು ನಮ್ಮವ್ವಂದೂ ಇತ್ತು ಅಂದಾನ. ನಾಕ ಮಂದಿ ಕೇಳ್ಯಾರ. ನಿನ್ನೆ ಮಧ್ಯಾಹ್ನ ಎಲ್ಲಿದ್ದಿ ಅಂದ್ರ ಹೊಲದಾಗ ಒಬ್ಬನೇ ಇದ್ದೆ ಅಂತಾನ.”

“ನಾ ತಗೊಂಡಿಲ್ಲಕ್ಕಾ,” ಅಂದ ಚಂದ್ರಶಾ. ಅವಳಿಗೆ ಮಾತ್ರ ಹೇಳಿದ ಹಾಗೆ.

* * *

ಪ್ರಿಯದರ್ಶಿನಿ ದುಂಡಮ್ಮನ ಮನೆಗೆ ವಾಪಸು ಬಂದು ಜೋಳ ಗುಡಿಸತೊಡಗಿದಳು. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಬೀಸುಕಲ್ಲಿನ ಸುತ್ತ ಕಾಳು ದಟ್ಟವಾಗಿ ಬಿದ್ದಿತ್ತು. ಅದನ್ನು ತೆಗೆಯಲು ಕಲ್ಲನ್ನು ಎರಡೂ ಕೈಯಿಂದ ವಾಲಿಸಿದಳು.

ಕಲ್ಲಿನ ಕೆಳಗೆ ಸಾರಿಸಿದ ನೆಲ ಚೊಕ್ಕಟವಾಗಿತ್ತು. ಒಂದು ಕಾಳೂ ಇರಲಿಲ್ಲ.

ಅವಳು ಗುಡಿಸುವುದನ್ನು ನಿಲ್ಲಿಸಿದಳು. ಮೊದಲು ಜೋಳ ಚೆಲ್ಲಿದ್ದರೆ ಕಲ್ಲನ್ನು ಕಾಳಿನ ಮೇಲೆಯೇ ಇಡಬೇಕಿತ್ತು. ಹಾಗಾಗಿಲ್ಲ. ಕಲ್ಲು ಮೊದಲು ಎದ್ದಿದೆ. ಡಾಬು ಸಿಕ್ಕ ಮೇಲೆ ಚೀಲ ಕೊಯ್ದಿದ್ದಾರೆ, ನೋಡುವವರ ಕಣ್ಣಿಗೆ.

ಅಂದರೆ ಕಳ್ಳನಿಗೆ ನಿಜವಾದ ಜಾಗ ಗೊತ್ತಿತ್ತು.

“ಆಯಿ, ಕಲ್ಲಿನ ಸುದ್ದಿ ಯಾರಿಗರ ಹೇಳಿದ್ರೇನು?”

“ನಿನಗೊಬ್ಬಾಕಿಗೇ ಹೇಳೀನಿ. ಅದೂ ಆ ಮಷಿನ್ ಬಂದ್ ಮಾಡಿಸಿ.”

ಪ್ರಿಯದರ್ಶಿನಿ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಡಾಬಿನ ಕಥೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ ಆ ದಿನ ಅವಳು ಬಂದ್ ಮಾಡಿರಲಿಲ್ಲ. ‘ಮಾಡ್ದೆ’ ಅಂದಿದ್ದಳು, ಫೋನನ್ನು ಬೋರಲು ಹಾಕಿ ಇಟ್ಟಿದ್ದಳು. ಮುದುಕಿಯ ದನಿ ಅಷ್ಟು ಚೆನ್ನಾಗಿ ಬರುತ್ತಿತ್ತು. ಆಮೇಲೆ ಆ ಭಾಗ ಅಳಿಸಿದರಾಯಿತು ಅಂದುಕೊಂಡಿದ್ದಳು. ಅಳಿಸಿರಲಿಲ್ಲ. ಕೇಳಿ ಬರೆಯಲು ಸುಲಭವಾಗಲೆಂದು, ಗದ್ದಲ ತೆಗೆಸಲು, ಪೂರ್ತಿ ಧ್ವನಿಯನ್ನು ಹಾಗೇ ಅಮರನಾಥನಿಗೆ ಕಳಿಸಿದ್ದಳು.

* * *

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಬಟ್ಟೆ ಅಂಗಡಿಗಳ ಸಾಲಿನ ಹಿಂದೆ ಅಮರನಾಥನ ಸೌಂಡ್ ಸಿಸ್ಟಮ್ ಅಂಗಡಿ. ಅವಳ ಜೊತೆಗೇ ಓದಿದವನು. ಮೂರು ವರ್ಷದಿಂದ ಅವಳ ರೆಕಾರ್ಡಿಂಗಿನ ಗದ್ದಲ ತೆಗೆದುಕೊಡುತ್ತಿದ್ದವನು.

“ಕಳವಿನ ಸುದ್ದಿ ಕೇಳ್ದೆ,” ಅಂದ. “ಪಾಪ, ಮುದುಕಿ. ಚಹಾ ಹೇಳ್ಲಾ?”

“ಬ್ಯಾಡ. ಆಯಿದು ರೆಕಾರ್ಡಿಂಗ್ ಪೂರಾ ಕೇಳಿದ್ದೇನು?”

“ಟೈಮ್ ಎಲ್ಲದ? ಕಂಪ್ಯೂಟರಿಗೆ ಹಾಕ್ತೀನಿ, ಅದೇ ಗದ್ದಲ ತೆಗಿತದ, ನಿನಗ ಕಳಸ್ತೀನಿ.”

“ಎಲ್ಲೂ ಕಟ್ ಮಾಡಿಲ್ಲ?”

“ನಾ ಯಾಕ ಮಾಡ್ಲಿ?” ಅವನು ವೈರು ಸುತ್ತುತ್ತ ಕೇಳಿದ. “ನಿನ್ನ ಫೋನಿನಾಗ ಹಳೇದು ಇಲ್ಲಲ್ಲ? ಯಾವಾಗ್ಲೂ ಅಳಸ್ತಿ.”

ಅವಳು ಹೊರಬಂದಳು. ಆಟೋದಲ್ಲಿ ಕೂತು ಫೋನು ತೆಗೆದಳು. ಈ ಸಲ ಅಳಿಸಿರಲಿಲ್ಲ. ಫೋನಿನಲ್ಲಿದ್ದದ್ದು ನಲವತ್ತೆಂಟು ನಿಮಿಷ. ಅಮರನಾಥ ತಿರುಗಿ ಕಳಿಸಿದ್ದು ನಲವತ್ತಾರು.

ಇಲ್ಲದ ಎರಡು ನಿಮಿಷ ಯಾವುದೆಂದು ಕೇಳದೆಯೂ ಗೊತ್ತಿತ್ತು. ಆದರೂ ಎರಡನ್ನೂ ಹಚ್ಚಿ ಕೇಳಿದಳು.

* * *

ಮೊದಲು ದುಂಡಮ್ಮನ ಮನೆಗೆ ಹೋದಳು.

“ಆಯಿ, ಅವತ್ತು ನಾ ಬಂದ್ ಮಾಡಿರಲಿಲ್ಲ.”

ದುಂಡಮ್ಮ ಅವಳ ಕೈಯಲ್ಲಿದ್ದ ಫೋನನ್ನು ನೋಡಿದಳು. “ಆ ಮಾತೂ ಅದರಾಗ ಅದಾ?”

“ಅದರಿ. ಪೊಲೀಸರಿಗೆ ಕೇಳಿಸ್ಲಿಲ್ಲಂದ್ರ ಚಂದ್ರಶಾ ಅಲ್ಲೇ ಕೂಡ್ತಾನ.”

ಮುದುಕಿ ಸೆರಗು ಹೊದ್ದು ಚಪ್ಪಲಿ ಮೆಟ್ಟಿದಳು. “ನಡಿ.”

* * *

ಪ್ರಿಯದರ್ಶಿನಿ ಹೇಳಿದ್ದನ್ನೆಲ್ಲ ಲಾಲ್ ಅಹ್ಮದ್ ಪೂರ್ತಿ ಕೇಳಿಸಿಕೊಂಡರು.

“ಜಾಗ ಗೊತ್ತಿದ್ದವ ಜೋಳ ಯಾಕ ಚೆಲ್ಲಿದ?”

“ಬ್ಲಾಗ್ ಓದಿದವರ ಮ್ಯಾಲ ಸಂಶಯ ಹೋಗ್ಲಿ ಅಂತ್ರಿ. ಕೇಳೇ ಇಲ್ಲ ಅಂದವ ಸರಿಯಾಗಿ ಅದೇ ಎರಡು ನಿಮಿಷ ಕತ್ತರಿಸ್ಯಾನ. ನನ್ನ ಫೋನಿನಾಗ ಅಳಿಸಿದ್ರ ಅದು ಎಲ್ಲೂ ಉಳೀತಿರಲಿಲ್ಲ. ಅವ ಕೇಳ್ಯಾನ ಅಂತ ಯಾರಿಗೂ ತಿಳೀತಿರಲಿಲ್ಲ.”

“ಕೇಳಿಸ್ರಿ.”

ಅವಳು ಬೆಂಚಿನ ಕಡೆ ನೋಡಿದಳು. ಚಂದ್ರಶಾ ಅಲ್ಲೇ ಇದ್ದ. ಫೋನು ಒತ್ತಿದಳು.

“ಬಂದ್ ಮಾಡವ್ವ ಅದನ್ನ.”

“ಮಾಡ್ದೆ, ಹೇಳ್ರಿ ಆಯಿ.” ತನ್ನದೇ ದನಿ, ಎಷ್ಟು ಸಲೀಸಾಗಿ ಬಂದಿತ್ತು.

“ಆ ಡಾಬು ನಂದಲ್ಲ. ನನ್ನ ನೆಗೆಣ್ಣಿದು, ಚಂದ್ರಶಾನ ಅವ್ವಂದು. ಸಾಯೋ ಮುಂದ ಕೈಯಾಗ ಇಟ್ಟಳು, ಸೊಸಿ ಬಂದ್ರ ಕೊಡು ಅಂದಳು. ಒಮ್ಮೆ ಹಾಕ್ಕೊಂಡು ಕೊಡ್ತೀನಿ ಅಂದ್ಕೊಂಡೆ. ಕೊಡ್ಲಿಲ್ಲ. ಬೀಸೋ ಕಲ್ಲಿನ ಕೆಳಗ ಹೂತಿಟ್ಟೀನಿ. ಇಪ್ಪತ್ತೆರಡು ವರ್ಷ ಆತು.”

ಚಂದ್ರಶಾ ತಲೆಯೆತ್ತಿ ದೊಡ್ಡವ್ವನನ್ನು ನೋಡಿದ. ಲಾಲ್ ಅಹ್ಮದ್ ಎದ್ದು ಹೊರಗೆ ಹೋಗಿ ಕಲಬುರಗಿಗೆ ಫೋನು ಮಾಡಿದರು.

* * *

ಡಾಬು ಅಮರನಾಥನ ಅಂಗಡಿಯ ಹಳೆ ಸ್ಪೀಕರ್ ಡಬ್ಬಿಯೊಳಗೆ ಸಿಕ್ಕಿತು. ಹಳೆ ಬೆಳ್ಳಿ ಕೊಳ್ಳುವವನೊಬ್ಬ ಮರುದಿನ ಬರುವವನಿದ್ದ. ಸಂಜೆ ಠಾಣೆಗೆ ಕರೆತಂದಾಗ ಅಮರನಾಥ ಮೊದಲು ಇಲ್ಲವೆಂದ, ಆಮೇಲೆ ಬೆಂಚಿನ ಮೇಲೆ ಕೂತು ಒಪ್ಪಿಕೊಂಡ.

“ಕಲ್ಲಿನ ಕೆಳಗ ಬಿದ್ದದ್ದು, ಯಾರೂ ಹಾಕ್ಕೊಳ್ಳಲ್ಲ,” ಅಂದ. “ದೊಡ್ಡ ಸ್ಟುಡಿಯೋ ಮಾಡ್ಬೇಕಂತಿದ್ದೆ.” ಪ್ರಿಯದರ್ಶಿನಿಯನ್ನು ನೋಡಿದ. “ಅದನ್ನ ನನ್ನ ಕಿವಿಗಿ ಹಾಕಿದಾಕಿ ನೀನೇ.”

ಅವಳು ತನ್ನ ಫೋನನ್ನು ಲಾಲ್ ಅಹ್ಮದರ ಮುಂದೆ ಸರಿಸಿದಳು.

ಪಿಎಸ್‌ಐ ಕಾಗದ ಎಳೆದುಕೊಂಡರು. “ಡಾಬು ಕೋರ್ಟಿನಿಂದ ಬಿಡಿಸ್ಕೋಬೇಕಾಗ್ತದ. ಮಾಲಕರ ಹೆಸರ ಏನಂತ ಬರೀಲಿ? ದುಂಡಮ್ಮ?”

“ಚಂದ್ರಶಾ ಅಂತ ಬರೀರಿ,” ಅಂದಳು ದುಂಡಮ್ಮ.

ಚಂದ್ರಶಾ ಸಹಿ ಹಾಕಿದ. ದೊಡ್ಡವ್ವನ ಜೊತೆ ಮಾತಾಡಲಿಲ್ಲ. ಹೊರಗೆ ಹೋಗಿ ಬೈಕು ಚಾಲೂ ಮಾಡಿ ಕಾಯುತ್ತ ನಿಂತ. ಮುದುಕಿ ಮೆಟ್ಟಿಲಿಳಿದು ಹೋಗಿ ಹಿಂದೆ ಕೂತು, ಹೆದರುತ್ತ ಅವನ ಹೆಗಲ ಮೇಲೆ ಕೈಯಿಟ್ಟಳು. ಅವನು ಆ ಕೈಯನ್ನು ಸರಿಸಲಿಲ್ಲ.

ಬೈಕು ಪ್ರಿಯದರ್ಶಿನಿಯ ಮುಂದೆಯೇ ಹಾದುಹೋಯಿತು. ಇಬ್ಬರೂ ಅವಳ ಕಡೆ ನೋಡಲಿಲ್ಲ. ಅವಳು ಕಲಬುರಗಿ ಬಸ್ಸಿಗೆ ನಡೆದಳು.