ಎತ್ತಿದ ಬಕೆಟ್ಟು

ಆ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಗೇಜಕ್ಕ ಎಂದೇ ಕರೆಯುತ್ತಿದ್ದರು. ಗೇಜ್ ಕಡ್ಡಿ ಅದ್ದಿ ಬಾಡಿಗೆಗೆ ಹೊರಡುವ ಪ್ರತಿ ಟ್ರ್ಯಾಕ್ಟರಿನ ಆಯಿಲು, ರೇಡಿಯೇಟರಿನ ನೀರು, ಬ್ಯಾಟರಿಯ ನೀರು ನೋಡಿ ಕಳಿಸುವುದು ಅವಳ ಕೆಲಸ. ತಲೆ ನರೆತ ಡ್ರೈವರುಗಳೂ ಅವಳಿಗೆ ಅಕ್ಕ ಅನ್ನುತ್ತಿದ್ದರು. ಒಬ್ಬನನ್ನು ಬಿಟ್ಟು.

ಮುಂದೆ ಮಣ್ಣೆತ್ತುವ ಬಕೆಟ್ಟು ಕೂರಿಸಿದ ದೊಡ್ಡ ಟ್ರ್ಯಾಕ್ಟರು ಓಡಿಸುವ ಆ ಉದ್ದನೆಯ ಡ್ರೈವರು ಮಾತ್ರ "ಏನ್ರೀ" ಅನ್ನುತ್ತಿದ್ದ. ಹೆಚ್ಚೆಂದರೆ "ಮೇಡಂ". ಅಕ್ಕ ಅಂದುಬಿಟ್ಟರೆ ಕಥೆ ಅಲ್ಲಿಗೇ ಮುಗಿಯಿತು ಎಂಬಷ್ಟು ತಿಳುವಳಿಕೆ ಅವನಿಗಿತ್ತು. ಇದು ಉಳಿದವರಿಗೂ ಗೊತ್ತಿದ್ದುದರಿಂದ ಅವನು ಬಂದಾಗಲೆಲ್ಲ ಶೆಡ್ಡಿನಲ್ಲಿ ಯಾರಿಗಾದರೂ ಸುಮ್ಮಸುಮ್ಮನೆ ಕೆಮ್ಮು ಬರುತ್ತಿತ್ತು.

ಹೋದ ವಾರ ಅವನು ಕೇಳಿಯೇಬಿಟ್ಟಿದ್ದ. ಅವಳು ಬ್ಯಾಟರಿಗೆ ನೀರು ತುಂಬುತ್ತಿದ್ದಳು.

"ನನ್ನ ಮದುವೆ ಆಗ್ತೀರಾ?"

ಅವಳ ಕೈ ಅಲುಗಲಿಲ್ಲ. ಒಂದು ಹನಿಯೂ ಆಚೆ ಬೀಳಲಿಲ್ಲ.

"ನನಗೆ ಏನೂ ಅನಿಸ್ತಿಲ್ಲ," ಅಂದಳು.

"ಅಂದ್ರೆ, ನಾನು ಇಷ್ಟ ಇಲ್ಲ ಅಂತಾನಾ?"

"ಹಾಗೂ ಅನಿಸ್ತಿಲ್ಲ."

ಅವನು ತಲೆ ಕೆರೆದುಕೊಂಡ. "ಯೋಚನೆ ಮಾಡಿ. ದೂರದ ರಸ್ತೆ ಕೆಲಸಕ್ಕೆ ಹೊರಡೋ ದಿನ ಕೇಳ್ತೀನಿ. ಬೇಡ ಅಂದ್ರೆ ನಾನು ಅಲ್ಲೇ ಉಳಿದುಬಿಡ್ತೀನಿ, ಮತ್ತೆ ತೊಂದರೆ ಕೊಡಲ್ಲ" ಎಂದು ಹೇಳಿ ಹೋದ.

ಅವಳು ಹೇಳಿದ್ದು ಜಂಬಕ್ಕಲ್ಲ, ನಿಜವನ್ನೇ. ಇದೇ ಶೆಡ್ಡಿನ ಹಿರಿಯ ಮೆಕ್ಯಾನಿಕ್ ಆಗಿದ್ದ ಅಪ್ಪ ಹೋದ ವರ್ಷ ತೀರಿಕೊಂಡಾಗ ಅವಳು ಅಳಲಿಲ್ಲ. ಅಮ್ಮ ಹಾಸಿಗೆ ಹಿಡಿದಳು, ತಂಗಿಯ ಓದು ಅರ್ಧಕ್ಕಿತ್ತು, ಮನೆಗೆ ಬಂದವರಿಗೆಲ್ಲ ಯಾರಾದರೂ ಟೀ ಮಾಡಿ ಕೊಡಬೇಕಿತ್ತು. ಅವಳು ಟೀ ಮಾಡಿದಳು. ಆಮೇಲೆ ಅಪ್ಪನ ಜಾಗಕ್ಕೆ ಕೆಲಸಕ್ಕೆ ಬಂದಳು. ಗೇಜ್ ಒರೆಸಲು ಹತ್ತಿಬಟ್ಟೆ ಬೇಕಾದಾಗ ಬೀರುವಿನಲ್ಲಿದ್ದ ಅಪ್ಪನ ಹಳೆಯ ಅಂಗಿಗಳನ್ನು ಹರಿದು ತುಂಡು ಮಾಡಿದಳು. "ಕಲ್ಲಾಗಿಬಿಟ್ಟೆಯಲ್ಲೇ!" ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಕಲ್ಲಿಗೂ ಬಿಸಿಲಿನ ಬಿಸಿ ಗೊತ್ತಾಗುತ್ತದೆ, ನನಗೆ ಅದೂ ಇಲ್ಲ ಎಂದು ಅವಳಿಗನಿಸಿತು.

ಈಗ ಅಂಗಿಗಳು ಮುಗಿಯುತ್ತ ಬಂದಿದ್ದವು. ಕೊನೆಗೆ ಉಳಿದಿದ್ದು ನೀಲಿ ಚೌಕಳಿಯದೊಂದು ತುಂಡು, ಜೇಬಿನ ಸಮೇತ.

ಅವನು ಹೊರಡುವ ದಿನ ಬಂತು. ಬೇಡ ಎಂದೇ ಅವಳು ತೀರ್ಮಾನಿಸಿದ್ದಳು. ಒಳ್ಳೆಯ ಮನುಷ್ಯ, ಬರಿದಾದ ಡಬ್ಬ ಕೊಟ್ಟು ಮೋಸ ಮಾಡಬಾರದು.

ಗೇಟಿನ ಬಳಿ ಸಾಲಾಗಿ ಡ್ರಮ್ಮುಗಳಿದ್ದವು. ಅವಕ್ಕೆ ತಾಗದಂತೆ ಬಕೆಟ್ಟನ್ನು ಮೇಲೆತ್ತಿಕೊಂಡೇ ಅವನು ಒಳಗೆ ಬಂದು ಟ್ರ್ಯಾಕ್ಟರು ನಿಲ್ಲಿಸಿದ. ಇಸ್ತ್ರಿ ಮಾಡಿದ ಅಂಗಿ, ಒದ್ದೆ ತಲೆಗೂದಲು. ಶೆಡ್ಡಿನ ಮೂಲೆಯಲ್ಲಿ ಯಾರೋ ಕೆಮ್ಮಿದರು.

"ನೋಡ್ತೀರಾ?" ಅಂದ.

"ಏನನ್ನ?"

"ಆಯಿಲ್‌ನ ಕಣ್ರೀ. ನನ್ನ ನೋಡಿ ಅನ್ನೋಷ್ಟು ಧೈರ್ಯ ಎಲ್ಲಿದೆ?"

ಅವಳು ನಗಲಿಲ್ಲ. ಆದರೆ ಹಾಗೆ ಹೇಳಿದ ಮೇಲೆ ಅವನತ್ತ ನೋಡದೆ ಇರುವುದೇ ಒಂದು ಕೆಲಸವಾಯಿತು. ಟ್ರ್ಯಾಕ್ಟರಿನ ಹಿಂದಕ್ಕೆ ಹೋಗಿ, ಅಪ್ಪ ಕಲಿಸಿದಂತೆ ನೆಲ ಸಮವಿದೆಯೇ ನೋಡಿದಳು. ಎಂಜಿನ್ ಆರಿಸಲು ಹೇಳಿ ಸ್ವಲ್ಪ ಹೊತ್ತು ಕಾದಳು. ಹೈಡ್ರಾಲಿಕ್ಕಿನ ಗೇಜ್ ಕಡ್ಡಿ ಎಳೆದು ಒರೆಸಿ, ಮತ್ತೆ ಇಳಿಸಿ, ಎಳೆದು ಕಣ್ಣ ಮಟ್ಟಕ್ಕೆ ಹಿಡಿದಳು. ಆಯಿಲು ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ.

"ಹೋದ ವಾರ ಭರ್ತಿ ಇತ್ತಲ್ಲ. ಎಲ್ಲಿ ಹೋಯ್ತು?" ಬಗ್ಗಿ ಪೈಪುಗಳನ್ನೆಲ್ಲ ಸವರಿದಳು. ಬೆರಳಿಗೆ ಧೂಳು ಬಂತೇ ಹೊರತು ಜಿಡ್ಡು ಬರಲಿಲ್ಲ. "ಎಲ್ಲೂ ಸೋರಿಲ್ಲ."

"ಗೊತ್ತಿಲ್ಲ ಮೇಡಂ. ನಾನಂತೂ ಕುಡಿದಿಲ್ಲ."

ಅವಳು ಆಲಿಕೆ ಇಟ್ಟು ಆಯಿಲು ಸುರಿಯತೊಡಗಿದಳು. ಬೇಡ ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲಿತ್ತು, ಹೊರಗೆ ಬರಲೊಲ್ಲದು. ಕಡ್ಡಿ ಮೇಲಿನ ಗೆರೆ ತೋರಿಸುವವರೆಗೂ ಸುರಿದಳು.

ಅಷ್ಟರಲ್ಲಿ ಅವನು, "ಅಯ್ಯೋ, ಬಕೆಟ್ ಇಳಿಸೋದೇ ಮರೆತೆ!" ಎನ್ನುತ್ತ ಸೀಟಿಗೆ ಹತ್ತಿ ಲಿವರ್ ಒತ್ತಿಬಿಟ್ಟ.

ಬಕೆಟ್ಟು ಉಸ್ಸೆಂದು ಕೆಳಗಿಳಿಯಿತು. ಅದನ್ನು ಎತ್ತಿ ಹಿಡಿದಿದ್ದ ಆಯಿಲೆಲ್ಲ ಟ್ಯಾಂಕಿಗೆ ವಾಪಸು ಬಂತು. ತುಂಬಿದ ಟ್ಯಾಂಕಿನಲ್ಲಿ ಜಾಗವೆಲ್ಲಿದೆ? ಆಲಿಕೆ ತುಂಬಿ ಉಕ್ಕಿ ಅವಳ ಕೈ, ತೋಳು, ಚಪ್ಪಲಿ ಎಲ್ಲ ಆಯಿಲುಮಯವಾಯಿತು.

ಶೆಡ್ಡಿನಲ್ಲಿ ಕೆಮ್ಮುವವನೂ ಕೆಮ್ಮಲಿಲ್ಲ. ಬಕೆಟ್ಟು ನೆಲಕ್ಕಿಳಿಸದೆ ಆಯಿಲು ನೋಡಬಾರದು ಎಂದು ಬಂದವರಿಗೆಲ್ಲ ಬೈಯುತ್ತಿದ್ದವಳೇ ಅವಳು.

ಅವನು ಧಡಕ್ಕನೆ ಇಳಿದು ಬಂದ. ಅವಳ ಮುಖ ನೋಡಿದ, ಎಣ್ಣೆ ಕೈ ನೋಡಿದ. ಅವನ ತುಟಿಯ ಒಂದು ಮೂಲೆ ಮೆಲ್ಲಗೆ ಮೇಲೇರಿತು.

"ಏನೂ ಅನಿಸದೆ ಇರೋರ ಕೈ ಹೀಗೆ ತಪ್ಪುತ್ತೇನ್ರೀ?"

"ನೀವ್ಯಾಕೆ ಎತ್ಕೊಂಡೇ ನಿಲ್ಲಿಸಿದ್ರಿ?"

"ನನಗಾದ್ರೆ ಅನಿಸುತ್ತಲ್ಲ. ಅದಕ್ಕೇ ಮರೆತೆ. ನಿಮ್ಮದೇನು ಕಥೆ?"

ಅವಳು ಉತ್ತರಿಸಲು ಬಾಯಿ ತೆರೆದಳು. ನೋಡಿದರೆ ಎದೆಯಲ್ಲಿ ಏನೋ ಸಡಿಲವಾದಂತಾಗುತ್ತಿದೆ. ಅವಳು ಬಕೆಟ್ಟಿನತ್ತ ನೋಡಿದಳು. ಎಲ್ಲೂ ಸೋರಿರಲಿಲ್ಲ. ಇದ್ದ ಆಯಿಲೆಲ್ಲ ಭಾರ ಹೊರಲು ಮೇಲೆ ಹೋಗಿತ್ತು, ಕಡ್ಡಿಗೆ ಸಿಕ್ಕಿರಲಿಲ್ಲ, ಅಷ್ಟೇ.

"ನಾನೂ ಒಂದು ವರ್ಷದಿಂದ ಎತ್ಕೊಂಡೇ ನಿಂತಿದ್ದೀನಿ ಕಣ್ರೀ," ಅಂದಳು. "ಅಮ್ಮನ್ನ, ತಂಗೀನ, ಮನೇನ. ಒಳಗೆ ನೋಡ್ಕೊಂಡಾಗೆಲ್ಲ ಖಾಲಿ ಅಂತಾನೇ ಕಾಣ್ತಿತ್ತು."

ಅವನು ತಮಾಷೆ ಮಾಡಲಿಲ್ಲ. "ಇಳಿಸಿ," ಅಂದ. "ಒಂದು ಕಡೆ ನಾನು ಹಿಡ್ಕೋತೀನಿ. ನಿಧಾನಕ್ಕೆ ಇಳಿಸಿ, ಇಲ್ಲಾಂದ್ರೆ ಚೆಲ್ಲುತ್ತೆ."

"ಚೆಲ್ಲಲಿ ಬಿಡಿ," ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂದೇಬಿಟ್ಟಿತು. ಅಪ್ಪ ಹೋದ ದಿನ ಅಳಬೇಕಿದ್ದ ಅಳು. ಶೆಡ್ಡಿನವರೆಲ್ಲ ತಮಗೆ ಎಲ್ಲೋ ಜರೂರು ಕೆಲಸವಿದೆ ಎಂಬಂತೆ ಒಬ್ಬೊಬ್ಬರೇ ಹೊರಗೆ ಹೋದರು.

ಅವನು ಗಾಬರಿಯಲ್ಲಿ ಕೈಗೆ ಸಿಕ್ಕ ಬಟ್ಟೆ ಎತ್ತಿ ಅವಳ ತೋಳು ಒರೆಸಲು ಹೋದ. ನೀಲಿ ಚೌಕಳಿಯ ತುಂಡು.

"ಅದರಲ್ಲಿ ಬೇಡ!" ಅವಳು ಕಿತ್ತುಕೊಂಡೇಬಿಟ್ಟಳು. "ಅದು ನಮ್ಮಪ್ಪನ ಅಂಗಿ."

ಅವನು ಇಸ್ತ್ರಿ ಮಾಡಿದ ತನ್ನ ಅಂಗಿಯ ತುದಿಯನ್ನೇ ಎಳೆದು ಅವಳ ಮುಂದೆ ಹಿಡಿದ. ಅವಳು ಮೂಗೆಳೆಯುತ್ತಲೇ ಎರಡು ಕೈಯನ್ನೂ ಅದಕ್ಕೆ ಒರೆಸಿದಳು, ಒಂದೊಂದೇ ಬೆರಳು, ಅವಸರವಿಲ್ಲದೆ. ಅವನ ಹೊಟ್ಟೆಯ ಬಿಸಿ ಬಟ್ಟೆಯ ಆಚೆಯಿಂದ ಅವಳ ಬೆರಳಿಗೆ ತಾಗಿತು. ತಾಗಿದ್ದು ಅವಳಿಗೆ ಗೊತ್ತಾಯಿತು.

ಆಮೇಲೆ ಇಬ್ಬರೂ ಸೇರಿ ಹೆಚ್ಚಾದ ಆಯಿಲು ತೆಗೆದರು. ಬಕೆಟ್ಟು ನೆಲದ ಮೇಲಿತ್ತು. ಅವಳು ಕಾದು, ಒರೆಸಿ, ಅದ್ದಿ ನೋಡಿದಳು. ಎರಡು ಗೆರೆಗಳ ನಡುವೆ ಸರಿಯಾಗಿ ನಿಂತಿತ್ತು.

"ಹಾಗಾದ್ರೆ ಹೊರಡಲಾ?" ಅವನ ದನಿ ಸಣ್ಣಗಾಗಿತ್ತು.

"ಹೊರಡಿ. ದಾರೀಲಿ ನಮ್ಮನೆಗೆ ಹೋಗೋಣ. ಅಮ್ಮನಿಗೆ ನಿಮ್ಮನ್ನ ತೋರಿಸಬೇಕು."

ಅವನು ಹತ್ತುತ್ತಿದ್ದವನು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹಾಗೇ ನಿಂತ. "ಈ ಅಂಗೀಲಾ? ನಾನು ಯಾರು ಅಂತ ಹೇಳ್ತೀರ?"

ಅವಳು ಚೌಕಳಿ ತುಂಡನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಣ್ಣು ಕೆಂಪಗಿತ್ತು, ತುಟಿಯಲ್ಲಿ ನಗು ಬರಲೋ ಬೇಡವೋ ಎನ್ನುತ್ತಿತ್ತು.

"ಇಡೀ ಶೆಡ್ಡಲ್ಲಿ ನನ್ನ ಅಕ್ಕ ಅನ್ನದೆ ಇರೋ ಒಬ್ಬರೇ ಒಬ್ಬರು ಅಂತ ಹೇಳ್ತೀನಿ. ಅಮ್ಮನಿಗೆ ಅರ್ಥ ಆಗುತ್ತೆ."

ಹೊರಗೆ ಯಾರೋ ಜೋರಾಗಿ ಕೆಮ್ಮಿದರು.