ಯಸಬುರೊ ಹಿಂತಿರುಗುವ ಸದ್ದು

"ಇದು ಯಸಬುರೊ ನಡಿಗೆ ಅಲ್ಲ."

ಧ್ವನಿಮುದ್ರಣ ಕೋಣೆಯ ಗಾಜಿನ ಆಚೆಯಿಂದ ಬಂದ ಆ ದನಿಯನ್ನು ಚಿಝುರು ಮೊದಲ ಬಾರಿ ಕೇಳಿದ್ದು ಆಗಲೇ. ಹುಲ್ಲಿನ ಚಪ್ಪಲಿ ತೊಟ್ಟು ಮರದ ಹಲಗೆಯ ಮೇಲೆ ನಡೆದು ನಡೆದು ಅವಳ ಹಿಮ್ಮಡಿ ಉರಿಯುತ್ತಿತ್ತು.

"ಮತ್ತೆ ಏನಾಗಬೇಕಿತ್ತು?" ಎಂದಳು, ತಗ್ಗಿದ ದನಿಯಲ್ಲಿ.

"ಗೊತ್ತಿಲ್ಲ... ಆದ್ರೆ ಇದಲ್ಲ. ಎರಡೂ ಕಾಲು ತುಂಬಾ ಸಮ ಇದೆ. ಅವನಿಗೆ ಹೋಗೋಕೆ ಇಷ್ಟವಿಲ್ಲ ಕಣ್ರೀ. ಇದು ಹೋಗೋಕೆ ಇಷ್ಟ ಇರೋನ ಹೆಜ್ಜೆ."

ಮಾತಾಡುತ್ತಿದ್ದವನು ಉರಾನೊ. ನೆರಿಮಾ ಬಡಾವಣೆಯ ಆ ಪುಟ್ಟ ಸ್ಟುಡಿಯೊಗೆ ಹೊಸದಾಗಿ ಬಂದ ಚಿತ್ರಗಾರ. 'ಹಸಿದ ಕತ್ತಿಗಳು' ಎಂಬ ಹಾಸ್ಯದ ಅನಿಮೆ ಕಾರ್ಟೂನ್ ಸರಣಿಯಲ್ಲಿ ಯಸಬುರೊ ಎಂಬ ಸಮುರಾಯ್‌ನ ಚಿತ್ರ ಬರೆಯುವುದು ಅವನ ಕೆಲಸ. ಆ ಸಮುರಾಯ್‌ಗಳ ಹೆಜ್ಜೆಗಳಿಗೆಲ್ಲ ಸದ್ದು ಕೊಡುವುದು ಕಾಗಾ ಚಿಝುರುವಿನ ಕೆಲಸ. ಮರಳಿನ ಪೆಟ್ಟಿಗೆ, ಜಲ್ಲಿಯ ಪೆಟ್ಟಿಗೆ, ಹಳೆಯ ಹಲಗೆ, ಗೋಡೆ ತುಂಬ ಚಪ್ಪಲಿಗಳು... ಆ ಕೋಣೆಯಷ್ಟು ಪ್ರಿಯವಾದ ಜಾಗ ಅವಳಿಗೆ ಈ ಊರಲ್ಲಿ ಇನ್ನೊಂದಿರಲಿಲ್ಲ.

ಅವಳು ಮತ್ತೆ ನಡೆದಳು. ಅವನು ಮತ್ತೆ ಬೇಡವೆಂದ.

ಕೊನೆಗೆ ಸಾಕಾಗಿ, ನೀರು ಕುಡಿಯಲು ಬಾಗಿಲ ಕಡೆ ಹೊರಟಳು. ಮೈಕ್ ಇನ್ನೂ ತೆರೆದೇ ಇತ್ತು.

"ಇದೇ! ನಿಲ್ಲಿ, ಇದೇ ಬೇಕಿತ್ತು!" ಉರಾನೊ ಎದ್ದು ನಿಂತಿದ್ದ. "ಇದನ್ನ ಇಟ್ಕೊಳ್ಳೋಣ, ಮೊರಿವಾಕಿ-ಸಾನ್," ಎಂದು ಪಕ್ಕದಲ್ಲಿದ್ದ ಸದ್ದಿನ ಕೋಣೆಯ ಹಿರಿಯೆಗೆ ಹೇಳಿದ.

ಬಾಗಿಲ ಹಿಡಿಕೆಗೆ ಕೈ ಹಾಕಿದ್ದ ಚಿಝುರು ಅಲ್ಲೇ ನಿಂತುಬಿಟ್ಟಳು.

ಚಿಕ್ಕಂದಿನಲ್ಲಿ ಮುರಿದು ಸರಿಯಾಗಿ ಕೂಡದ ಎಡ ಕಣಕಾಲು ಅವಳದು. ದಣಿದಾಗ ಎಡ ಹಿಮ್ಮಡಿ ನೆಲವನ್ನು ಸವರುತ್ತದೆ. ಶಾಲೆಯಲ್ಲಿ ಹುಡುಗರು ಅದನ್ನೇ ಅಣಕಿಸಿ ಹಿಂದೆ ಹಿಂದೆ ನಡೆಯುತ್ತಿದ್ದರು. ಹೆಜ್ಜೆ ಸಮ ಮಾಡಿಕೊಳ್ಳಲು ಅವಳು ವರ್ಷಗಟ್ಟಲೆ ಕಲಿತಿದ್ದಳು. ಆ ಕಲಿಕೆಯೇ ಮುಂದೆ ಅವಳಿಗೆ ಈ ಕೆಲಸ ಕೊಟ್ಟಿತ್ತು.

ಈಗ ಈ ಮನುಷ್ಯ, ಎಲ್ಲರೆದುರು, ಅವಳು ಮುಚ್ಚಿಟ್ಟುಕೊಂಡದ್ದನ್ನೇ ಆರಿಸಿ ಎತ್ತಿಕೊಂಡಿದ್ದ. ಅದೂ ಒಂದು ನಗೆಗಾಗಿ...

*

ಆ ನಗೆ ಗೆದ್ದುಬಿಟ್ಟಿತು.

ಪ್ರತಿ ಕಂತಿನ ಕೊನೆಯಲ್ಲೂ ಯಸಬುರೊ ಚಹಾ ಅಂಗಡಿಯ ಒತಮೆಗೆ ಗಂಭೀರವಾಗಿ ತಲೆಬಾಗಿ, "ಇನ್ನು ನಮ್ಮ ಭೇಟಿ ಇಲ್ಲ" ಎಂದು ಸೂರ್ಯಾಸ್ತದ ಕಡೆ ನಡೆಯುತ್ತಾನೆ. ಸ್ವಲ್ಪ ದೂರ ಹೋಗಿ ನಿಲ್ಲುತ್ತಾನೆ. ತಿರುಗಿ ಬರುತ್ತಾನೆ. ಒಮ್ಮೆ ಟೋಪಿ ಮರೆತೆ ಎನ್ನುತ್ತಾನೆ, ಒಮ್ಮೆ ಊಟದ ಪೊಟ್ಟಣ, ಒಮ್ಮೆ ತಾನು ತಂದೇ ಇರದ ಛತ್ರಿ. ಹಿಂದಿನಿಂದ ಬರುವ ಆ ಸವರುವ ಹೆಜ್ಜೆ ಕೇಳಿದ ಕೂಡಲೇ ಒತಮೆ ತಿರುಗಿಯೂ ನೋಡದೆ ಅಕ್ಕಿ ಹಿಟ್ಟಿನ ಉಂಡೆ ಪೋಣಿಸಿದ ಇನ್ನೊಂದು ಕಡ್ಡಿ ದಾಂಗೊವನ್ನು ತಟ್ಟೆಗೆ ಇಡುತ್ತಾಳೆ. ನೋಡುವವರು ಬಿದ್ದು ಬಿದ್ದು ನಗುತ್ತಾರೆ.

ರೈಲಿನಲ್ಲಿ ಶಾಲೆಯ ಹುಡುಗಿಯರು ಫೋನ್‌ನಲ್ಲಿ ಅದನ್ನು ನೋಡಿ ನಗುವಾಗ ಚಿಝುರು ಇಳಿದು ಮುಂದಿನ ರೈಲಿಗೆ ಕಾಯುತ್ತಿದ್ದಳು.

ಉರಾನೊನೊಡನೆ ಅವಳು ಮಾತು ಬಿಟ್ಟಳು. ಏನಿದ್ದರೂ ಮೊರಿವಾಕಿಯ ಮೂಲಕ. ಅವನು ಕಾರಿಡಾರ್‌ನಲ್ಲಿ ಎದುರಾದರೆ ತಲೆಬಾಗುವುದು, ದಾಟುವುದು, ಅಷ್ಟೇ. ಅವನು ಏನೋ ಹೇಳಲು ಬಾಯಿ ತೆರೆಯುತ್ತಿದ್ದ. ಅವಳು ನಿಲ್ಲುತ್ತಿರಲಿಲ್ಲ.

ಆದರೂ... ಚಳಿಗಾಲದಲ್ಲಿ ಸದ್ದಿನ ಕೋಣೆಯ ಹೀಟರ್ ಕೆಟ್ಟಾಗ ಅವಳ ಮೇಜಿನ ಮೇಲೆ ಕೈ ಬೆಚ್ಚಗಿಡುವ ಬಿಸಿ ಪೊಟ್ಟಣಗಳನ್ನು ಇಟ್ಟವನು ಯಾರೆಂದು ಅವಳಿಗೆ ಗೊತ್ತಿತ್ತು. ಪೊಟ್ಟಣದ ಮೇಲೆ ಪೆನ್ಸಿಲ್ ಮಸಿಯ ಬೆರಳಚ್ಚು ಇತ್ತು. ಅವಳು ಅವನ್ನು ಎಸೆಯಲಿಲ್ಲ. ಯಾಕೆ ಎಸೆಯಲಿಲ್ಲ ಎಂದು ತನ್ನನ್ನೇ ಕೇಳಿಕೊಳ್ಳಲೂ ಇಲ್ಲ.

ಸರಣಿ ಮುಗಿಯುವ ಹೊತ್ತಿಗೆ ದೂರದ ಸೆಂದಾಯಿ ಊರಿನ ಒಂದು ನಾಟಕ ಮಂದಿರದಿಂದ ಕರೆ ಬಂತು. ಸದ್ದಿನ ಕೆಲಸ, ಒಳ್ಳೆಯ ಜನ. ಭಾನುವಾರ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

"ಹೋಗ್ತೀಯಾ?" ಮೊರಿವಾಕಿ ಕೇಳಿದಳು.

"ಹೋಗ್ತೀನಿ."

"ಆ ಮರಳಿನ ಪೆಟ್ಟಿಗೇನ ಅಲ್ಲಿಗೂ ಹೊತ್ಕೊಂಡು ಹೋಗ್ತೀಯೇನೇ?"

ಚಿಝುರು ಚಪ್ಪಲಿಗಳನ್ನು ಒಂದೊಂದಾಗಿ ಗೋಡೆಗೆ ನೇತುಹಾಕತೊಡಗಿದಳು.

*

ಅದೇ ಭಾನುವಾರ ಸ್ಟುಡಿಯೊದಲ್ಲಿ ಬೀದಿಯವರಿಗೆಲ್ಲ ತೆರೆದ ಬಾಗಿಲು. 'ನೀವು ಯಾವ ಸಮುರಾಯ್?' ಎಂಬ ಆಟ ಮೊರಿವಾಕಿಯ ಕಲ್ಪನೆ. ಪರದೆಯ ಆಚೆ ಹಲಗೆ. ಈಚೆ ಚಿಝುರು, ಕೈಯಲ್ಲೊಂದು ಪುಟ್ಟ ಡೋಲು. ಬಂದವರು ಒಮ್ಮೆ ನಡೆಯಬೇಕು. ಅವಳು ಮುಖ ನೋಡದೆ, ಹೆಜ್ಜೆ ಮಾತ್ರ ಕೇಳಿ, ಡೋಲು ಬಾರಿಸಿ ಅವರು ಸರಣಿಯ ಯಾವ ಪಾತ್ರವೆಂದು ಹೇಳಬೇಕು.

ಧಡ್ ಧಡ್ ಎಂದು ಹಲಗೆ ನಡುಗಿತು.

"ಹ್ಯಾಕುಬೆ," ಎಂದಳು ಚಿಝುರು. "ಹೆದರಿದಷ್ಟೂ ಜೋರಾಗಿ ನಡೆಯೋ ಸಮುರಾಯ್."

"ಯಾರಿಗೆ ಹೆದರ್ತೀನಮ್ಮಾ ನಾನು?" ತೋಫು ಅಂಗಡಿಯ ಯಜಮಾನನ ದನಿ.

"ಇನ್ಯಾರಿಗೆ, ನಂಗೆ," ಎಂದಳು ಅವನ ಹೆಂಡತಿ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು.

ಅಳೆದು ಇಟ್ಟಂತೆ ನಡೆದ ಬ್ಯಾಂಕಿನ ಹೆಂಗಸು ಗೆನ್ನೊಸುಕೆ ಆದಳು, ಯುದ್ಧದ ನಡುವೆಯೂ ಶತ್ರುವಿಗೆ ನಿಯಮ ಓದಿ ಹೇಳುವವನು. ತೋಫು ಅಂಗಡಿಯವನ ಹೆಂಡತಿ ಒತಮೆ ಆದಳು. "ಅದು ನಂಗೆ ಮೊದಲೇ ಗೊತ್ತು," ಎಂದು ತಾನು ಮಾಡಿ ತಂದಿದ್ದ ದಾಂಗೊ ತಟ್ಟೆಯನ್ನು ಪರದೆಯ ಕೆಳಗಿನಿಂದ ತಳ್ಳಿದಳು.

ಯಸಬುರೊ ಮಾತ್ರ ಯಾರೂ ಆಗಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಾಲು ಕರಗಿತು. ಕೊನೆಯದಾಗಿ ಯಾರೋ ಹಲಗೆ ಹತ್ತಿದರು.

ಚಿಝುರುವಿನ ಕೈ ಡೋಲಿನ ಮೇಲೆ ಹಾಗೇ ನಿಂತಿತು.

ಎಡ ಹಿಮ್ಮಡಿ ಸವರುತ್ತಿತ್ತು.

ಅದು ಅವಳ ಹೆಜ್ಜೆ. ಒಬ್ಬ ಗಂಡಸಿನ ಭಾರದಲ್ಲಿ, ಆದರೆ ಅವಳದೇ.

ಅಣಕ... ಮತ್ತೆ ಅಣಕ. ಕಣ್ಣಲ್ಲಿ ನೀರು ತುಂಬಿ ಬಂತು. ಆದರೆ ಅವಳ ಕಿವಿ ಅವಳಿಗಿಂತ ತಾಳ್ಮೆಯದು. ಅದು ಕೇಳುತ್ತಲೇ ಇತ್ತು.

ಅಣಕಿಸುವವರು ಸವರುವ ಸದ್ದನ್ನು ದೊಡ್ಡದು ಮಾಡುತ್ತಾರೆ. ಶಾಲೆಯ ಹುಡುಗರೆಲ್ಲ ಹಾಗೇ ಮಾಡುತ್ತಿದ್ದರು. ಇಲ್ಲಿ ಅದು ದೊಡ್ಡದಾಗಿರಲಿಲ್ಲ. ಇರುವಷ್ಟೇ ಇತ್ತು. ಮತ್ತೆ ಅದಕ್ಕೂ ಮುಂಚೆ, ಪ್ರತಿ ಬಾರಿಯೂ, ಬಲಗಾಲು ಒಂದು ಚೂರು ತಡೆಯುತ್ತಿತ್ತು. ಎಡಗಾಲು ಬಂದು ಸೇರಲಿ ಎಂದು ಕಾಯುವ ಹಾಗೆ.

ಆ ಕಾಯುವಿಕೆ ತನ್ನ ನಡಿಗೆಯಲ್ಲಿದೆ ಎಂದು ಅವಳಿಗೇ ಗೊತ್ತಿರಲಿಲ್ಲ! ಊರೆಲ್ಲರ ಹೆಜ್ಜೆ ಕೇಳಿದವಳು, ತನ್ನದನ್ನು ಮುಚ್ಚಿಡುವ ಗಡಿಬಿಡಿಯಲ್ಲಿ ಎಂದೂ ಪೂರ್ತಿ ಕೇಳಿರಲಿಲ್ಲ.

ಅವಳು ಪರದೆ ಸರಿಸಿದಳು.

ಉರಾನೊ ನಿಂತಿದ್ದ, ಪೆನ್ಸಿಲ್ ಮಸಿ ಹತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ.

"ಇದು ನಿಮ್ಮ ನಡಿಗೆ ಅಲ್ಲ," ಎಂದಳು.

"ಇದೇ ನನ್ನ..." ಎಂದವನು ತನ್ನ ಕಾಲನ್ನೇ ನೋಡಿಕೊಂಡ. ಮುಖ ಕೆಂಪಾಯಿತು. "ಅಯ್ಯೋ. ನಿಜ. ಬರೆಯೋ ಮುಂಚೆ ಕನ್ನಡಿ ಎದುರು ನಡೆದು ನೋಡ್ತೀನಿ. ವರ್ಷದಿಂದ ದಿನಾ ಹೀಗೇ ನಡೆದಿದೀನಿ. ನನ್ನ ಹಳೇ ನಡಿಗೆ ಮರೆತೇ ಹೋಗಿದೆ."

"ಕಾಲು ನಂದು," ಎಂದಳು ಅವಳು. "ನನ್ನ ಕೇಳಿದ್ರಾ? ದೇಶ ಎಲ್ಲ ಅದನ್ನ ನೋಡಿ ನಗ್ತಿದೆ."

ಅವನು ಆಳವಾಗಿ ತಲೆಬಾಗಿದ.

"ಕೇಳಬೇಕಿತ್ತು. ಅವತ್ತೇ ಕೇಳಬೇಕಿತ್ತು. ನೀವು ಮಾತು ಬಿಟ್ಟಾಗ ತಪ್ಪು ಗೊತ್ತಾಯ್ತು, ಹೇಳೋ ಧೈರ್ಯ ಬರಲಿಲ್ಲ. ಕ್ಷಮಿಸಿ."

ಅವಳು ಡೋಲನ್ನು ಕೆಳಗಿಟ್ಟಳು.

"ಆದ್ರೆ ಜನ ಕಾಲಿಗೆ ನಗಲ್ಲ, ಕಾಗಾ-ಸಾನ್. ಅವನು ವಾಪಸ್ ಬಂದ ಅಂತ ನಗ್ತಾರೆ. ಆ ಹೆಜ್ಜೆ ಕೇಳಿದ್ರೆ ಸಾಕು, ಬಂದ ಅಂತ ಗೊತ್ತಾಗುತ್ತೆ... ಖುಷಿಗೆ ನಗ್ತಾರೆ."

ದಾಂಗೊ ತಂದಿದ್ದ ಬುಟ್ಟಿ ಎತ್ತಿಕೊಳ್ಳುತ್ತಿದ್ದ ತೋಫು ಅಂಗಡಿಯವನ ಹೆಂಡತಿ ಬಾಗಿಲಲ್ಲೇ ನಿಂತು, "ನಮ್ಮನೇಲಿ ಆ ಸದ್ದು ಕೇಳಿದ ಮೇಲೇ ಈ ಮನುಷ್ಯ ಟೀವಿ ಆರಿಸೋದು. ಇಲ್ಲದಿದ್ರೆ ನಿದ್ದೆ ಬರಲ್ವಂತೆ," ಎಂದು ಗಂಡನನ್ನು ತಳ್ಳಿಕೊಂಡು ಹೊರಟುಹೋದಳು.

ಕೋಣೆ ಖಾಲಿಯಾಯಿತು.

"ಒಂದು ಕೇಳ್ಲಾ?" ಎಂದಳು ಚಿಝುರು. "ಆ ಬಲಗಾಲು ಕಾಯೋದು... ಅದು ಎಲ್ಲಿಂದ ಬಂತು?"

"ನಿಮ್ಮಿಂದಲೇ. ಕಾರಿಡಾರ್‌ನಲ್ಲಿ ನೀವು ನಡೆದ್ರೆ ನನ್ನ ಪೆನ್ಸಿಲ್ ನಿಂತುಬಿಡುತ್ತೆ." ಅವನು ನೆಲ ನೋಡಿ ಹೇಳಿದ. "ಮೊದಲು ಬರೆಯೋಕೋಸ್ಕರ ಕೇಳ್ತಿದ್ದೆ. ಆಮೇಲೆ... ಬರೆಯೋದು ಬರೀ ನೆಪ ಆಯ್ತು. ನಂಗೆ ನೀವು ಇಷ್ಟ, ಕಾಗಾ-ಸಾನ್. ಸೆಂದಾಯಿ ವಿಷಯ ಮೊರಿವಾಕಿ-ಸಾನ್ ಹೇಳಿದ್ರು. ಹೋಗ್ಬೇಡಿ ಅನ್ನೋ ಹಕ್ಕು ನಂಗಿಲ್ಲ. ಇದನ್ನ ಮಾತ್ರ ಹೇಳದೆ ಇದ್ರೆ ಸರಿಯಲ್ಲ ಅನ್ನಿಸ್ತು."

ಇಷ್ಟು ವರ್ಷ ಯಾರೂ ಕೇಳದಿರಲಿ ಎಂದು ತಾನು ಒತ್ತಿಟ್ಟ ಸದ್ದಿಗಾಗಿ ಒಬ್ಬ ಮನುಷ್ಯ ಕಾಯುತ್ತಿದ್ದ... ಅವಳಿಗೆ ಕೋಪ ಇನ್ನೂ ಸ್ವಲ್ಪ ಇತ್ತು. ಆದರೆ ಅದರ ಕೆಳಗೆ ಬೇರೇನೋ ಬೆಚ್ಚಗೆ ಕರಗುತ್ತಿತ್ತು.

"ನಂಗೆ ಒಂದು ಫೋನ್ ಮಾಡಬೇಕು," ಎಂದಳು. ಚೀಲ ಹೆಗಲಿಗೆ ಹಾಕಿ, ತಲೆಬಾಗಿ, ಹೊರಟಳು.

ಉರಾನೊ ಪರದೆಯ ಈಚೆ ಬಂದು, ಅವಳು ಕೂತಿದ್ದ ಜಾಗದಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತ. ಹೆಜ್ಜೆಗಳು ದೂರವಾದವು. ಸಮನಾದ ಹೆಜ್ಜೆಗಳು. ಹೊರಬಾಗಿಲು ತೆರೆದು ಮುಚ್ಚಿತು.

ಅವನು ಕಣ್ಣು ಮುಚ್ಚಿದ.

ಬೀದಿಯಲ್ಲಿ ಒಂದು ಸೈಕಲ್ ಗಂಟೆ. ರೈಲ್ವೆ ಗೇಟು ಬೀಳುವ ಸದ್ದು. ರೈಲು ಬಂತು, ಹೋಯಿತು. ಆಮೇಲೆ ಏನೂ ಇಲ್ಲ.

ಆಮೇಲೆ ಬಾಗಿಲು.

ಹಲಗೆಯ ಮೇಲೆ ಹೆಜ್ಜೆ. ಬಲಗಾಲು ಒಂದು ಚೂರು ಕಾಯಿತು. ಎಡ ಹಿಮ್ಮಡಿ ನೆಲ ಸವರಿತು. ಈ ಸಲ ಅವಳು ಏನನ್ನೂ ಮುಚ್ಚಿಡಲಿಲ್ಲ.

ಉರಾನೊ ತಿರುಗಿ ನೋಡಲಿಲ್ಲ. ತಟ್ಟೆಯ ಮೇಲೆ ಇನ್ನೊಂದು ಕಡ್ಡಿ ದಾಂಗೊ ಇಟ್ಟ.

"ನಾನು ಯಾವ ಸಮುರಾಯ್?" ಎಂದಳು ಅವಳು ಹಿಂದಿನಿಂದ.

ಅವನು ಡೋಲನ್ನು ಒಮ್ಮೆ ಮೆಲ್ಲಗೆ ತಟ್ಟಿದ. "ಯಸಬುರೊ."

"ಸೆಂದಾಯಿಗೆ ಫೋನ್ ಮಾಡಿ ಹೇಳಿದೆ. ಬೇರೆಯವರನ್ನ ನೋಡ್ಕೊಳ್ಳಿ ಅಂತ." ಅವಳು ಬಂದು ಪಕ್ಕದಲ್ಲಿ ಕೂತಳು. "ನನ್ನ ಮರಳಿನ ಪೆಟ್ಟಿಗೆ ಇಲ್ಲೇ ಇದೆ."

"ಪೆಟ್ಟಿಗೆಗೋಸ್ಕರ ಬಂದ್ರಾ?"

"ಇಲ್ಲ. ಛತ್ರಿ ಮರೆತಿದ್ದೆ."

"ನೀವು ಛತ್ರಿ ತಂದೇ ಇರಲಿಲ್ಲ."

"ಗೊತ್ತು," ಎಂದು ಚಿಝುರು ಕಡ್ಡಿ ಕೈಗೆತ್ತಿಕೊಂಡಳು.